ತೆರೆಯ ಮೇಲಿನ ವಸ್ತುದರ್ಶನವೂ ಬದಲಿ ಏರ್ಪಾಡೂ

ಕೊಳ್ಳುವವನು ವಸ್ತುವನ್ನು ಕಣ್ಣಾರೆ ನೋಡಿ, ಕೈಯಿಂದ ಮುಟ್ಟಿ, ಆಮೇಲೆ ಬೆಲೆಯ ಮಾತಿಗೆ ಬರುವುದು ನಮ್ಮ ಸೀಮೆಯ ಹಳೆಯ ಪದ್ಧತಿ. ಆದವಾನಿಯ ಹತ್ತಿ ಮಾರುಕಟ್ಟೆಯಲ್ಲಿ ವ್ಯಾಪಾರಿಯು ಒಂದು ಹಿಡಿ ಅರಳೆಯನ್ನು ಬೆರಳುಗಳಿಂದ ಹಿಂಜಿ ನೋಡಿ ಅದರ ಎಳೆಯ ಉದ್ದವನ್ನು ಅಂದಾಜು ಮಾಡುತ್ತಾನೆ. ಎಮ್ಮಿಗನೂರಿನ ಕೈಮಗ್ಗದ ಬಟ್ಟೆಯನ್ನು ಕೊಳ್ಳಹೋದ ಗೃಹಿಣಿಯು ಅದನ್ನು ಬೆಳಕಿಗೆ ಹಿಡಿದು, ಮಗುಚಿ ನೋಡಿ, ಅಂಚಿನ ನೇಯ್ಗೆಯನ್ನು ಪರೀಕ್ಷಿಸುತ್ತಾಳೆ. ಇತ್ತೀಚಿನ ವರ್ಷಗಳಲ್ಲಿ ವ್ಯಾಪಾರದ ಒಂದು ಭಾಗವು ಅಂತರ್ಜಾಲಕ್ಕೆ ಸಾಗಿರುವುದರಿಂದ, ಮುಟ್ಟಿ ನೋಡುವ ಅನುಕೂಲವು ತಪ್ಪಿ, ಕಣ್ಣಿನ ನೋಟವೊಂದೇ ಉಳಿದಿದೆ. ಆ ನೋಟವನ್ನಾದರೂ ಸಾಧ್ಯವಾದಷ್ಟು ಪೂರ್ಣಗೊಳಿಸಬೇಕೆಂಬ ಪ್ರಯತ್ನದಿಂದ ಹುಟ್ಟಿದುದೇ ವಸ್ತುದರ್ಶಕವೆಂಬ ಸಾಧನ. ಮಾರಾಟಕ್ಕಿಟ್ಟ ಕುರ್ಚಿ, ಪಾತ್ರೆ, ಪಾದರಕ್ಷೆ ಮುಂತಾದುವು ತೆರೆಯ ಮೇಲೆ ಕಾಣಿಸಿಕೊಳ್ಳುತ್ತವೆ. ಬೆರಳನ್ನು ಎಡಕ್ಕೆ ಎಳೆದರೆ ಎಡಕ್ಕೆ, ಬಲಕ್ಕೆ ಎಳೆದರೆ ಬಲಕ್ಕೆ ತಿರುಗುತ್ತವೆ. ಹಿಗ್ಗಿಸಿ ನೋಡಿದರೆ ಹೊಲಿಗೆಯೂ ಕೆತ್ತನೆಯೂ ಸ್ಪಷ್ಟವಾಗುತ್ತವೆ.

ಆದರೆ ಅದೇ ಪುಟವನ್ನು ಬೇರೊಬ್ಬರ ಮೊಬೈಲಿನಲ್ಲಿ ತೆರೆದಾಗ ಕೆಲವು ವೇಳೆ ವಸ್ತುವೇ ಇರುವುದಿಲ್ಲ. ಅದರ ಸ್ಥಾನದಲ್ಲಿ ಒಂದು ಬರಿಯ ಚೌಕವಿರುತ್ತದೆ. ಹೀಗೇಕೆ ಆಗುತ್ತದೆ? ಕಾಣದವರಿಗೆ ಏನನ್ನು ತೋರಿಸಬೇಕು? ಈ ಎರಡು ಪ್ರಶ್ನೆಗಳನ್ನು ಪ್ರಕೃತ ಲೇಖನದಲ್ಲಿ ವಿಚಾರಿಸಲಿದ್ದೇವೆ. ಇದು ಯಂತ್ರಜ್ಞರಿಗೆ ಮಾತ್ರ ಸೇರಿದ ಸಂಗತಿಯೆಂದು ವಾಚಕರು ಭಾವಿಸಬಾರದು. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಬೆಂಗಳೂರು, ಹೈದರಾಬಾದುಗಳಲ್ಲಿ ಇಂಥ ಪುಟಗಳನ್ನು ಕಟ್ಟುವ ಉದ್ಯೋಗದಲ್ಲಿದ್ದಾರೆ; ಅವರ ತಂದೆತಾಯಿಗಳು ದೇವನಕೊಂಡದಲ್ಲಿ ಕುಳಿತು ಅಂಥ ಪುಟಗಳನ್ನು ತೆರೆಯುತ್ತಾರೆ. ಕಟ್ಟುವವರ ಯಂತ್ರಕ್ಕೂ ನೋಡುವವರ ಯಂತ್ರಕ್ಕೂ ಇರುವ ಅಂತರವೇ ಈ ಲೇಖನದ ವಿಷಯವೆಂದರೂ ಸಲ್ಲುತ್ತದೆ.

ಮೊದಲು ಬ್ರೌಸರು ಎಂದರೇನೆಂಬುದನ್ನು ತಿಳಿಯೋಣ. ದೂರದ ಕಂಪ್ಯೂಟರಿನಲ್ಲಿರುವ ಪುಟವನ್ನು ತರಿಸಿಕೊಂಡು, ಅದರಲ್ಲಿನ ಸೂಚನೆಗಳನ್ನು ಓದಿ, ನಮ್ಮ ತೆರೆಯ ಮೇಲೆ ಬರೆದು ತೋರಿಸುವ ಕ್ರಮವಿಧಿಗೆ ಬ್ರೌಸರು ಎಂದು ಹೆಸರು. ಕ್ರೋಮ್, ಫೈರ್‌ಫಾಕ್ಸ್, ಸಫಾರಿ, ಎಡ್ಜ್ ಎಂಬಿವು ಇಂದು ಹೆಚ್ಚಾಗಿ ಬಳಕೆಯಲ್ಲಿವೆ. 1991ರಲ್ಲಿ ಟಿಮ್ ಬರ್ನರ್ಸ್-ಲೀ ಎಂಬವರು ತಮ್ಮ ಜಾಲವನ್ನು ಲೋಕಕ್ಕೆ ಬಿಟ್ಟುಕೊಟ್ಟಾಗ ಪುಟಗಳಲ್ಲಿ ಅಕ್ಷರಗಳೇ ಪ್ರಧಾನವಾಗಿದ್ದುವು. 1993ರಲ್ಲಿ ಮೊಸಾಯಿಕ್ ಎಂಬ ಬ್ರೌಸರು ಅಕ್ಷರಗಳ ನಡುವೆಯೇ ಚಿತ್ರವನ್ನು ಕೂರಿಸುವ ಪದ್ಧತಿಯನ್ನು ಪ್ರಚಾರಕ್ಕೆ ತಂದಿತು. ಆದರೆ ಆ ಕಾಲದಲ್ಲಿ ಲಿಂಕ್ಸ್ ಮುಂತಾದ ಅಕ್ಷರಮಾತ್ರದ ಬ್ರೌಸರುಗಳೂ ಇದ್ದುವು. ಅವು ಚಿತ್ರವನ್ನು ತೋರಿಸಲಾರವು. ಆದುದರಿಂದ ಚಿತ್ರದ ಜೊತೆಯಲ್ಲಿಯೇ, ಚಿತ್ರ ಕಾಣದವರಿಗಾಗಿ ಒಂದು ವಾಕ್ಯವನ್ನೂ ಬರೆದಿಡುವ ನಿಯಮವು ಹುಟ್ಟಿತು. 1995ರ ಎಚ್‌ಟಿಎಂಎಲ್ ಎರಡನೆಯ ಆವೃತ್ತಿಯಲ್ಲಿ ಈ ಬದಲಿ ವಾಕ್ಯಕ್ಕೆ ವಿಧಿವತ್ತಾದ ಸ್ಥಾನವಿತ್ತು. ಜಾಲಕ್ಕೆ ಚಿತ್ರವು ಬಂದು ಎರಡು ಮೂರು ವರ್ಷಗಳೊಳಗಾಗಿಯೇ, ಚಿತ್ರವಿಲ್ಲದವರ ಏರ್ಪಾಡೂ ಶಾಸ್ತ್ರದೊಳಗೆ ಸೇರಿತೆಂಬುದು ಇಲ್ಲಿ ಗಮನಾರ್ಹವಾದ ಸಂಗತಿ.

ಈ ಬದಲಿ ಏರ್ಪಾಡಿನ ತತ್ತ್ವವು ನಮ್ಮವರಿಗೆ ಹೊಸದಲ್ಲ. ಮನೆಯ ಪೂಜೆಯಲ್ಲಿ ವಿಧಿಗೆ ಬೇಕಾದ ವಸ್ತ್ರವೋ ಆಭರಣವೋ ಹೂವೋ ಇಲ್ಲದಿದ್ದರೆ ಅದರ ಸ್ಥಾನದಲ್ಲಿ ಅಕ್ಷತೆಯನ್ನು ಅರ್ಪಿಸುವುದುಂಟು. ಇದರಲ್ಲಿ ಎರಡು ವಿವೇಕಗಳಿವೆ. ಒಂದು, ದ್ರವ್ಯವಿಲ್ಲವೆಂದು ಪೂಜೆಯು ನಿಲ್ಲುವುದಿಲ್ಲ. ಇನ್ನೊಂದು, ಇದು ಇಂಥದಕ್ಕೆ ಬದಲು ಎಂದು ಬಾಯಿಬಿಟ್ಟು ಹೇಳಿಯೇ ಅರ್ಪಿಸುವುದರಿಂದ ಅಲ್ಲಿ ವಂಚನೆಯಿಲ್ಲ. ತೆರೆಯ ಮೇಲಿನ ಬದಲಿ ಚಿತ್ರಣಕ್ಕೂ ಇವೆರಡೇ ಲಕ್ಷಣಗಳು ಸಾಕು: ಕೆಲಸವು ನಿಲ್ಲಬಾರದು, ನೋಡುವವನು ಮೋಸಹೋಗಬಾರದು.

ಕನ್ನಡ ಓದುಗರಿಗಂತೂ ಬ್ರೌಸರಿನ ಅಸಾಮರ್ಥ್ಯವು ಅಕ್ಷರದಲ್ಲಿಯೇ ಅನುಭವಕ್ಕೆ ಬಂದಿದೆ. 1991ರ ಯೂನಿಕೋಡ್ ಮೊದಲನೆಯ ಆವೃತ್ತಿಯಲ್ಲಿ ಕನ್ನಡ ಲಿಪಿಗೆ ಸ್ಥಾನ ದೊರೆಯಿತು. ಆದರೆ ಸ್ಥಾನ ದೊರೆತ ಮಾತ್ರಕ್ಕೆ ಅಕ್ಷರವು ಕಾಣುವುದಿಲ್ಲ. ಅದನ್ನು ಬರೆಯುವ ಅಕ್ಷರವಿನ್ಯಾಸವೂ, ಒತ್ತಕ್ಷರಗಳನ್ನು ಸರಿಯಾಗಿ ಹೊಂದಿಸುವ ಶಕ್ತಿಯೂ ಯಂತ್ರದಲ್ಲಿರಬೇಕು. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ತುಂಗಾ ಎಂಬ ಕನ್ನಡ ಅಕ್ಷರವಿನ್ಯಾಸದೊಡನೆ ಬಂದಿತು. ಅದಕ್ಕೆ ಮುಂಚಿನ ಯಂತ್ರಗಳಲ್ಲಿಯೂ, ಅನಂತರದ ಎಷ್ಟೋ ಮೊಬೈಲುಗಳಲ್ಲಿಯೂ ಕನ್ನಡದ ಪುಟವೆಂದರೆ ಸಾಲುಸಾಲು ಚೌಕಗಳೇ ಆಗಿದ್ದುವು. ಆ ಕಾಲದಲ್ಲಿ ಕೆಲವರು ಕನ್ನಡ ವಾಕ್ಯಗಳನ್ನೇ ಚಿತ್ರವಾಗಿ ಮಾಡಿ ಪುಟದಲ್ಲಿಡುತ್ತಿದ್ದರು. ಓದುವುದಕ್ಕೆ ಅದು ಸಾಕಾಗುತ್ತಿತ್ತು. ಹುಡುಕುವುದಕ್ಕೂ ಬೇರೆಡೆಗೆ ನಕಲು ಮಾಡುವುದಕ್ಕೂ ಆಗುತ್ತಿರಲಿಲ್ಲ. ಹೀಗೆ, ಬದಲಿಯು ಮೂಲಕ್ಕಿಂತ ಕಡಮೆಯಾದುದಾದರೂ ಏನೂ ಇಲ್ಲದುದಕ್ಕಿಂತ ಬಹಳ ಮೇಲೆಂಬ ಪಾಠವನ್ನು ಕನ್ನಡಿಗರು ಬಹು ಹಿಂದೆಯೇ ಕಲಿತಿದ್ದಾರೆ.

ಇನ್ನು ತಿರುಗುವ ವಸ್ತುವಿನ ವಿಚಾರ. ತೆರೆಯ ಮೇಲೆ ವಸ್ತುವನ್ನು ತಿರುಗಿಸಿ ತೋರಿಸುವುದಕ್ಕೆ ಎರಡು ಮಾರ್ಗಗಳಿವೆ. ಮೊದಲನೆಯದು ಛಾಯಾಚಿತ್ರಗಳ ಮಾರ್ಗ. ವಸ್ತುವನ್ನು ತಿರುಗುವ ಪೀಠದ ಮೇಲಿಟ್ಟು, ಹತ್ತು ಹತ್ತು ಅಂಶಗಳಿಗೆ ಒಂದರಂತೆ ಸುತ್ತಲೂ 36 ಚಿತ್ರಗಳನ್ನು ತೆಗೆದು, ಬೆರಳಿನ ಚಲನೆಗೆ ತಕ್ಕಂತೆ ಒಂದಾದ ಮೇಲೊಂದನ್ನು ತೋರಿಸಿದರೆ, ವಸ್ತುವೇ ತಿರುಗಿದಂತೆ ಭಾಸವಾಗುತ್ತದೆ. ಪುಸ್ತಕದ ಅಂಚಿನಲ್ಲಿ ಓಡುವ ಕುದುರೆಯನ್ನು ಬರೆದು ಹಾಳೆಗಳನ್ನು ಸರ್ರನೆ ಬಿಡುವ ಹುಡುಗರ ಆಟವೇ ಇದು. ಆಪಲ್ ಸಂಸ್ಥೆಯ ಕ್ವಿಕ್‌ಟೈಮ್ ವಿಆರ್ ಎಂಬ ಸಾಧನವು 1990ರ ದಶಕದಲ್ಲಿಯೇ ಈ ಕ್ರಮವನ್ನು ಬಳಕೆಗೆ ತಂದಿತ್ತು. ಒಂದೊಂದು ಚಿತ್ರವು 40 ಕಿಲೋಬೈಟಿನಷ್ಟಿದ್ದರೆ 36 ಚಿತ್ರಗಳಿಗೆ 1,440 ಕಿಲೋಬೈಟು, ಅಂದರೆ ಸುಮಾರು ಒಂದೂವರೆ ಮೆಗಾಬೈಟು ಆಗುತ್ತದೆ. ಚಿತ್ರವನ್ನು ತೋರಿಸಬಲ್ಲ ಸಾಮಾನ್ಯ ಬ್ರೌಸರಿಗೆ ಇದು ಸಾಧ್ಯವಾದ ಕೆಲಸ. ವಿಶೇಷ ಶಕ್ತಿಯೇನೂ ಬೇಡ.

ಎರಡನೆಯದು ಆಕೃತಿಯ ಮಾರ್ಗ. ಇಲ್ಲಿ ಛಾಯಾಚಿತ್ರಗಳಿಲ್ಲ, ವಸ್ತುವಿನ ಹೊರಮೈಯನ್ನು ಸಾವಿರಾರು ಪುಟ್ಟ ತ್ರಿಕೋನಗಳಾಗಿ ವಿಂಗಡಿಸಿ, ಪ್ರತಿಯೊಂದು ತ್ರಿಕೋನದ ಮೂರು ಮೂಲೆಗಳು ಎಲ್ಲೆಲ್ಲಿವೆಯೆಂಬ ಲೆಕ್ಕವನ್ನು ಕಡತದಲ್ಲಿಟ್ಟಿರುತ್ತಾರೆ. ನಮ್ಮ ರೇಖಾಗಣಿತದ ತರಗತಿಯಲ್ಲಿ ಮಕ್ಕಳು ರಟ್ಟಿನ ತುಂಡುಗಳನ್ನು ಅಂಟಿಸಿ ಪಿರಮಿಡ್ಡನ್ನು ಮಾಡುವಂತೆಯೇ ಇದು. ತುಂಡುಗಳು ಚಿಕ್ಕವಾದಷ್ಟೂ ಬಿಂದಿಗೆಯ ಹೊಟ್ಟೆಯೂ ಗುಂಡಾಗಿ ಕಾಣುತ್ತದೆ. ಆ ಆಕೃತಿಗೆ ಮರದ ಗೆರೆ, ಬಟ್ಟೆಯ ನೇಯ್ಗೆ, ಹಿತ್ತಾಳೆಯ ಹೊಳಪು ಮುಂತಾದ ಹೊದಿಕೆಯ ಚಿತ್ರಗಳನ್ನು ಸುತ್ತುತ್ತಾರೆ. ಬೆಳಕು ಯಾವ ದಿಕ್ಕಿನಿಂದ ಬೀಳುತ್ತದೆ, ನೋಡುವವನು ಎಲ್ಲಿ ನಿಂತಿದ್ದಾನೆ ಎಂಬುದನ್ನು ಗುಣಿಸಿ, ಪ್ರತಿ ಕ್ಷಣವೂ ಹೊಸ ಚಿತ್ರವನ್ನು ಬರೆಯಬೇಕು. ಛಾಯಾಚಿತ್ರದ ಮಾರ್ಗದಲ್ಲಿ 36 ನೋಟಗಳು ಮಾತ್ರ. ಇಲ್ಲಿ ಮೇಲಿನಿಂದ, ಕೆಳಗಿನಿಂದ, ಯಾವ ಕೋನದಿಂದ ಬೇಕಾದರೂ ನೋಡಬಹುದು. ಒಂದೇ ಕುರ್ಚಿಯ ಬಣ್ಣವನ್ನು ಕ್ಷಣದಲ್ಲಿ ಬದಲಾಯಿಸಲೂಬಹುದು.

ಈ ಗುಣಾಕಾರದ ಶ್ರಮವು ಎಷ್ಟೆಂಬುದನ್ನು ಒಂದು ಲೆಕ್ಕದಿಂದ ತೋರಿಸುತ್ತೇವೆ. ಸಾಧಾರಣವಾದ ಒಂದು ಮೊಬೈಲಿನ ತೆರೆಯಲ್ಲಿ ಅಡ್ಡಲಾಗಿ 720, ಉದ್ದಕ್ಕೆ 1,600 ಚುಕ್ಕೆಗಳಿವೆಯೆನ್ನೋಣ. ಒಟ್ಟು ಚುಕ್ಕೆಗಳು 11,52,000. ಚಲನೆಯು ನಯವಾಗಿ ಕಾಣಬೇಕಾದರೆ ಸೆಕೆಂಡಿಗೆ 60 ಸಲ ಚಿತ್ರವನ್ನು ಬರೆಯಬೇಕು. ಆದುದರಿಂದ ಒಂದು ಸೆಕೆಂಡಿನಲ್ಲಿ 6,91,20,000 ಚುಕ್ಕೆಗಳ ಬಣ್ಣವನ್ನು ನಿರ್ಧರಿಸಬೇಕಾಗುತ್ತದೆ. ಯಂತ್ರದ ಮುಖ್ಯ ಪ್ರೊಸೆಸರು ಜಾಣನಾದ ಒಬ್ಬ ಗುಮಾಸ್ತನಂತೆ. ಎಂಥ ಕಠಿನವಾದ ಲೆಕ್ಕವನ್ನಾದರೂ ಮಾಡುತ್ತದೆ, ಆದರೆ ಒಂದು ಸಲಕ್ಕೆ ಕೆಲವನ್ನು ಮಾತ್ರ. ಗ್ರಾಫಿಕ್ಸ್ ಪ್ರೊಸೆಸರು ನೂರಾರು ಮಂದಿ ಕೂಲಿಯವರು ಸಾಲಾಗಿ ನಿಂತು ಒಂದೇ ಬಗೆಯ ಕೆಲಸವನ್ನು ಒಟ್ಟಿಗೆ ಮಾಡಿದಂತೆ. ಶೇಂಗಾ ಬಿಡಿಸುವ ಕೆಲಸಕ್ಕೆ ಒಬ್ಬ ಪಂಡಿತನಿಗಿಂತ ಹತ್ತು ಜನ ಆಳುಗಳೇ ಮೇಲಲ್ಲವೇ?

ಈ ಆಳುಗಳ ಪಡೆಯನ್ನು ಬ್ರೌಸರಿನೊಳಗಿನ ಪುಟವು ಕರೆದು ದುಡಿಸಿಕೊಳ್ಳುವ ಒಪ್ಪಂದಕ್ಕೆ ವೆಬ್‌ಜಿಎಲ್ ಎಂದು ಹೆಸರು. ಮೊಜಿಲ್ಲಾದ ವ್ಲಾದಿಮಿರ್ ವುಕಿಚೆವಿಚ್ ಎಂಬವರು 2006ರಲ್ಲಿ ಇದರ ಪ್ರಯೋಗಗಳನ್ನು ತೋರಿಸಿದರು. ಕ್ರೋನೋಸ್ ಎಂಬ ಸಂಯುಕ್ತ ಮಂಡಲಿಯು 2011ರ ಮಾರ್ಚಿಯಲ್ಲಿ ಮೊದಲನೆಯ ಆವೃತ್ತಿಯನ್ನೂ, 2017ರಲ್ಲಿ ಎರಡನೆಯದನ್ನೂ ಪ್ರಕಟಿಸಿತು. ಇದರ ಮುಂದಿನ ಹೆಜ್ಜೆಯಾದ ವೆಬ್‌ಜಿಪಿಯು 2023ರಲ್ಲಿ ಕ್ರೋಮಿಗೆ ಬಂದು, 2025ರಲ್ಲಿ ಸಫಾರಿಯನ್ನೂ ವಿಂಡೋಸಿನ ಫೈರ್‌ಫಾಕ್ಸನ್ನೂ ಸೇರಿತು. ಇವುಗಳಿಗೆ ಮುಂಚೆ ಈ ಕೆಲಸವನ್ನು ಫ್ಲ್ಯಾಶ್ ಮುಂತಾದ ಹೊರಗಿನ ತುಣುಕುಗಳನ್ನು ಬ್ರೌಸರಿಗೆ ಜೋಡಿಸಿ ಮಾಡಿಸುತ್ತಿದ್ದರು. ಅಡೋಬಿ ಸಂಸ್ಥೆಯು 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶಿನ ಪೋಷಣೆಯನ್ನು ನಿಲ್ಲಿಸಿತು. 2021ರ ಜನವರಿ 12ರಿಂದ ಅದು ನಡೆಯದಂತೆಯೂ ಆಯಿತು. ಫ್ಲ್ಯಾಶನ್ನೇ ನಂಬಿ, ಅದಿಲ್ಲದವರಿಗೆ ಒಂದು ಚಿತ್ರವನ್ನೂ ಇಡದಿದ್ದ ಪುಟಗಳು ಅಂದಿನಿಂದ ಬರಿದಾದುವು. ಇಂದು ಸರ್ವತ್ರ ಇರುವ ಸಾಧನವು ನಾಳೆಯೂ ಇರುತ್ತದೆಂದು ಭಾವಿಸಿ ಬದಲಿಯನ್ನು ಬಿಡಬಾರದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಡ.

ಈಗಿನ ಪ್ರಮುಖ ಬ್ರೌಸರುಗಳೆಲ್ಲವೂ ವೆಬ್‌ಜಿಎಲ್ ಬಲ್ಲವೆಂದ ಮೇಲೆ ಆ ಬರಿಯ ಚೌಕವು ಎಲ್ಲಿಂದ ಬರುತ್ತದೆ? ಕಾರಣಗಳು ಹಲವು. ಮೊದಲನೆಯದಾಗಿ, ಬ್ರೌಸರು ಬಲ್ಲದ್ದಾದರೂ ಯಂತ್ರವು ಬಲ್ಲದ್ದಾಗಿರಬೇಕು. ಗ್ರಾಫಿಕ್ಸ್ ಪ್ರೊಸೆಸರನ್ನು ನಡೆಸುವ ಡ್ರೈವರ್ ಎಂಬ ಕ್ರಮವಿಧಿಯು ಹಳೆಯದಾಗಿ ದೋಷಯುಕ್ತವಾಗಿದ್ದರೆ, ಯಂತ್ರವೇ ಸ್ಥಗಿತಗೊಳ್ಳುವ ಅಪಾಯವುಂಟು. ಅಂಥ ದೋಷವುಳ್ಳವುಗಳ ಪಟ್ಟಿಯನ್ನು ಬ್ರೌಸರು ಇಟ್ಟುಕೊಂಡಿದ್ದು, ಅಲ್ಲಿ ಈ ಸೌಕರ್ಯವನ್ನು ತಾನಾಗಿಯೇ ಮುಚ್ಚಿಬಿಡುತ್ತದೆ. ಎರಡನೆಯದಾಗಿ, ಕಚೇರಿಗಳ ಮತ್ತು ಶಾಲೆಗಳ ಕಂಪ್ಯೂಟರುಗಳಲ್ಲಿ ಯಾರೋ ಹಿಂದೆ ಈ ಸೌಕರ್ಯವನ್ನು ನಿಲ್ಲಿಸಿ ಮರೆತಿರಬಹುದು. ಮೂರನೆಯದಾಗಿ, ದತ್ತಾಂಶದ ಮಿತವ್ಯಯಕ್ಕಾಗಿ ಮಾಡಿದ ಬ್ರೌಸರುಗಳಿವೆ. ಆಪೆರಾ ಮಿನಿಯು ಅತ್ಯಂತ ಮಿತವ್ಯಯದ ಕ್ರಮದಲ್ಲಿರುವಾಗ ಪುಟವನ್ನು ದೂರದ ತನ್ನ ಕಂಪ್ಯೂಟರಿನಲ್ಲಿಯೇ ಬೇಯಿಸಿ, ಹಿಂಡಿ, ಮೊಬೈಲಿಗೆ ಕಳಿಸುತ್ತದೆ. ಬೆರಳಿಗೆ ತಿರುಗುವ ಆಕೃತಿಗೆ ಅಲ್ಲಿ ಅವಕಾಶವಿಲ್ಲ. 2017ರಲ್ಲಿ ಬಂದ ಜಿಯೋಫೋನಿನಂಥ ಗುಂಡಿಗಳ ಮೊಬೈಲಿನಲ್ಲಿ ಸ್ಮೃತಿಯು 512 ಮೆಗಾಬೈಟು ಮಾತ್ರ, ತೆರೆಯಲ್ಲಿ 240ಕ್ಕೆ 320 ಚುಕ್ಕೆಗಳು ಮಾತ್ರ. ಅದರಲ್ಲಿ ಭಾರವಾದ ಆಕೃತಿಯನ್ನು ತೆರೆಯುವುದೆಂದರೆ ಚೋಟುದ್ದದ ಚೀಲದಲ್ಲಿ ಹತ್ತಿಯ ಮೂಟೆಯನ್ನು ತುರುಕಿದಂತೆ.

ಸ್ಮೃತಿಯ ಮಾತು ಬಂದುದರಿಂದ ಇನ್ನೊಂದು ಲೆಕ್ಕವನ್ನು ಹೇಳಬೇಕು. ಪುಟಗಳನ್ನು ಕಟ್ಟುವ ತರುಣರು ಇದನ್ನು ಮನಸ್ಸಿನಲ್ಲಿಡುವುದು ಒಳ್ಳೆಯದು. ಹೊದಿಕೆಯ ಚಿತ್ರವೊಂದು ಉದ್ದಗಲಗಳಲ್ಲಿ 4,096 ಚುಕ್ಕೆಗಳಿದ್ದರೆ ಒಟ್ಟು ಚುಕ್ಕೆಗಳು 1,67,77,216. ಒಂದೊಂದಕ್ಕೆ ನಾಲ್ಕು ಬೈಟಿನಂತೆ 64 ಮೆಗಾಬೈಟು ಆಗುತ್ತದೆ. ಹಿಂಡಿದ ಕಡತವಾಗಿ ಬರುವಾಗ ಅದು ಎರಡೋ ಮೂರೋ ಮೆಗಾಬೈಟಿರಬಹುದು. ಆದರೆ ಗ್ರಾಫಿಕ್ಸ್ ಪ್ರೊಸೆಸರಿನ ಬಳಿಗೆ ಬಂದೊಡನೆ ಸಾಮಾನ್ಯವಾಗಿ ನೀರು ಕುಡಿದ ಹತ್ತಿಯಂತೆ ಪೂರ್ಣಭಾರಕ್ಕೆ ಬರುತ್ತದೆ. ಬಣ್ಣಕ್ಕೊಂದು, ಒರಟುತನಕ್ಕೊಂದು, ಉಬ್ಬುತಗ್ಗಿಗೊಂದು ಎಂದು ಮೂರು ಹೊದಿಕೆಗಳಾದರೆ 192 ಮೆಗಾಬೈಟು. ಉದ್ದಗಲಗಳನ್ನು 1,024ಕ್ಕೆ ಇಳಿಸಿದರೆ ಒಂದು ಹೊದಿಕೆಗೆ 4 ಮೆಗಾಬೈಟೇ ಸಾಕು; ಹದಿನಾರರಲ್ಲೊಂದು ಪಾಲಾಯಿತು. ಅಂಗೈಯಗಲದ ತೆರೆಯಲ್ಲಿ ನೋಡುವವರಿಗೆ ಈ ಎರಡರ ವ್ಯತ್ಯಾಸವು ಎಷ್ಟೋ ಸಲ ಕಾಣುವುದೇ ಇಲ್ಲ. ಸ್ಮೃತಿಯು ಸಾಲದಿದ್ದರೆ ಚಿತ್ರವು ಮೊದಲು ಕಾಣಿಸಿಕೊಂಡು, ನಡುವೆ ಮಾಯವಾಗುವುದೂ ಉಂಟು. ಮೊಬೈಲು ತನ್ನ ಪ್ರಾಣವನ್ನು ಉಳಿಸಿಕೊಳ್ಳುವುದಕ್ಕಾಗಿ ಆಳುಗಳನ್ನು ಹಿಂದಕ್ಕೆ ಕರೆದುಕೊಂಡಿತೆಂದು ತಿಳಿಯತಕ್ಕದ್ದು.

ಇದು ಕೇವಲ ಅಂದಚೆಂದದ ಪ್ರಶ್ನೆಯಾಗಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ಕೆಲವು ಕಾಲದ ಹಿಂದೆ ಪ್ರಯೋಗಶಾಲೆಗಾಗಿ ಸೂಕ್ಷ್ಮದರ್ಶಕಗಳನ್ನು ಕೊಳ್ಳಬೇಕೆಂದು ನಾವು ಒಬ್ಬ ದೂರದ ವ್ಯಾಪಾರಿಯ ಪುಟವನ್ನು ಶಾಲೆಯ ಹಳೆಯ ಕಂಪ್ಯೂಟರಿನಲ್ಲಿ ತೆರೆದೆವು. ಬೆಲೆಯು ಕಾಣುತ್ತಿತ್ತು, ಕೊಳ್ಳುವ ಗುಂಡಿಯೂ ಕಾಣುತ್ತಿತ್ತು, ಸೂಕ್ಷ್ಮದರ್ಶಕವು ಮಾತ್ರ ಕಾಣಲಿಲ್ಲ. ಅದರ ಎತ್ತರ, ಮಸೂರಗಳ ಶಕ್ತಿ, ಕನ್ನಡಿಯಿದೆಯೋ ದೀಪವಿದೆಯೋ ಎಂಬ ವಿವರಗಳೆಲ್ಲವೂ ಆ ತಿರುಗುವ ಆಕೃತಿಯ ಮೇಲೆಯೇ ಅಂಟಿಸಿದ ಚೀಟಿಗಳಲ್ಲಿದ್ದುವಂತೆ. ಆಕೃತಿಯಿಲ್ಲದುದರಿಂದ ಚೀಟಿಗಳೂ ಇಲ್ಲ. ದೂರವಾಣಿಯಲ್ಲಿ ವಿಚಾರಿಸಿದಾಗ ಹೊಸ ಮೊಬೈಲಿನಲ್ಲಿ ನೋಡಿರೆಂಬ ಉತ್ತರ ಬಂದಿತು. ದಾನಿಗಳು ಕೊಟ್ಟ ಹಣವನ್ನು ಕಾಣದ ವಸ್ತುವಿನ ಮೇಲೆ ಹೂಡಲು ನಮಗೆ ಧೈರ್ಯವಾಗಲಿಲ್ಲ. ಎರಡು ಛಾಯಾಚಿತ್ರಗಳನ್ನೂ ಅಳತೆಗಳ ಒಂದು ಪಟ್ಟಿಯನ್ನೂ ಸರಳವಾಗಿ ಹಾಕಿದ್ದ ಬೇರೊಬ್ಬ ವ್ಯಾಪಾರಿಯಿಂದ ಕೊಂಡೆವು. ಮೊದಲನೆಯ ವ್ಯಾಪಾರಿಯ ಸಲಕರಣೆಯು ಬಹುಶಃ ಇದಕ್ಕಿಂತ ಉತ್ತಮವಾಗಿಯೇ ಇದ್ದಿತು. ನಮ್ಮ ಪಾಲಿಗೆ ಅದು ಕನ್ನಡಿಯೊಳಗಿನ ಗಂಟೂ ಆಗಲಿಲ್ಲ. ಕನ್ನಡಿಯಲ್ಲಿ ಗಂಟು ಕಾಣಿಸುವುದಾದರೂ ಉಂಟು.

ಹಾಗಾದರೆ ಬದಲಿ ಏರ್ಪಾಡನ್ನು ಹೇಗೆ ಮಾಡಬೇಕು? ಅದನ್ನು ಒಂದು ಏಣಿಯಂತೆ ಕಲ್ಪಿಸಿಕೊಳ್ಳಬಹುದು. ಕೆಳಗಿನ ಮೆಟ್ಟಿಲು ಮಾತು: ವಸ್ತುವಿನ ಹೆಸರು, ಅಳತೆ, ತೂಕ, ದ್ರವ್ಯ, ಬಣ್ಣ, ಬೆಲೆ. ಎರಡನೆಯದು ಒಂದೇ ಒಂದು ಸ್ಪಷ್ಟವಾದ ಛಾಯಾಚಿತ್ರ. ಮೂರನೆಯದು ಸುತ್ತಲಿನಿಂದ ತೆಗೆದ ನಾಲ್ಕೋ, ಎಂಟೋ, ಮೂವತ್ತಾರೋ ಚಿತ್ರಗಳು. ನಾಲ್ಕನೆಯದು ಹಗುರವಾದ ಆಕೃತಿ. ಐದನೆಯದು ಸಕಲ ಅಲಂಕಾರಗಳಿಂದ ಕೂಡಿದ ಪೂರ್ಣಾಕೃತಿ. ಪುಟವು ಮೊದಲು ಕೆಳಗಿನ ಎರಡು ಮೆಟ್ಟಿಲುಗಳನ್ನು ಎಲ್ಲರಿಗೂ ಕೊಡಬೇಕು. ಆಮೇಲೆ ನೋಡುವವನ ಯಂತ್ರದ ಶಕ್ತಿಯನ್ನು ಕೇಳಿ ತಿಳಿದು, ಶಕ್ತಿಯಿದ್ದಷ್ಟು ಮೇಲಕ್ಕೆ ಹತ್ತಿಸಬೇಕು. ಎಷ್ಟೋ ಮಂದಿ ಕಟ್ಟುವವರು ಏಣಿಯ ತುದಿಯಿಂದ ಆರಂಭಿಸಿ, ಬಿದ್ದವರಿಗೆ ಕೆಳಗೆ ಏನಾದರೂ ಹಾಸೋಣವೆಂದು ಕೊನೆಗೆ ಯೋಚಿಸುತ್ತಾರೆ. ವೇಳೆ ಸಾಲದೆ ಆ ಹಾಸಿಗೆಯು ಉಳಿದುಹೋಗುತ್ತದೆ. ನೆಲದಿಂದ ಹತ್ತಿಸುವವನಿಗೆ ಈ ಭಯವಿಲ್ಲ. ಎಲ್ಲಿ ನಿಂತರೂ ಕಾಲ ಕೆಳಗೆ ಒಂದು ಮೆಟ್ಟಿಲು ಇದ್ದೇ ಇರುತ್ತದೆ.

ಶಕ್ತಿಯನ್ನು ಕೇಳಿ ತಿಳಿಯುವ ಕ್ರಮದಲ್ಲಿಯೂ ವಿವೇಕವುಂಟು. ಬ್ರೌಸರಿನ ಹೆಸರನ್ನು ಕೇಳಿ ಶಕ್ತಿಯನ್ನು ಊಹಿಸುವುದು ತಪ್ಪು. ಒಂದೇ ಹೆಸರಿನ ಬ್ರೌಸರು ಒಂದು ಮೊಬೈಲಿನಲ್ಲಿ ಭೀಮನಂತೆಯೂ ಇನ್ನೊಂದರಲ್ಲಿ ರೋಗಿಯಂತೆಯೂ ಇರಬಹುದು. ಆದುದರಿಂದ ಪುಟವು ವೆಬ್‌ಜಿಎಲನ್ನು ನೇರವಾಗಿ ಬೇಡಿ ನೋಡಬೇಕು; ದೊರೆಯದಿದ್ದರೆ ಬ್ರೌಸರು ಶೂನ್ಯವನ್ನು ಹಿಂದಿರುಗಿಸುತ್ತದೆ. ನಡೆಸಬಲ್ಲೆನಾದರೂ ಬಹಳ ನಿಧಾನವೆಂದಾದರೆ ಬೇಡವೆಂದು ಮೊದಲೇ ಷರತ್ತು ಹಾಕಿ ಬೇಡುವ ಸೌಕರ್ಯವೂ ಇದೆ. ಅತಿ ದೊಡ್ಡ ಹೊದಿಕೆಯ ಅಳತೆ ಎಷ್ಟೆಂದು ಕೇಳಬಹುದು. ನಡುವೆ ಆಳುಗಳು ಹೊರಟುಹೋದರೆ ಬ್ರೌಸರು ಆ ಸುದ್ದಿಯನ್ನು ತಿಳಿಸುತ್ತದೆ. ಆಗ ಬರಿಯ ಚೌಕವನ್ನು ಬಿಡದೆ ಛಾಯಾಚಿತ್ರವನ್ನು ಮತ್ತೆ ಮುಂದೆ ತರಬೇಕು. ಗೂಗಲಿನವರು ಪ್ರಕಟಿಸಿರುವ ಮಾಡೆಲ್-ವ್ಯೂಅರ್ ಎಂಬ ಸಿದ್ಧಸಾಧನದಲ್ಲಿ, ಆಕೃತಿಯು ಬರುವವರೆಗೆ ತೋರಿಸತಕ್ಕ ಚಿತ್ರಕ್ಕೂ, ಕಾಣದವರಿಗಾಗಿ ಬರೆಯತಕ್ಕ ವಾಕ್ಯಕ್ಕೂ ಸ್ಥಾನವನ್ನು ಮೊದಲೇ ಕಲ್ಪಿಸಿದ್ದಾರೆ. ಸ್ಥಾನವಿದ್ದರೂ ತುಂಬುವವನು ಬೇಕು.

ಬ್ರೌಸರೇ ಏನಾದರೊಂದು ಬದಲಿಯನ್ನು ಮಾಡಿಕೊಳ್ಳುತ್ತದಲ್ಲವೆ ಎಂದು ತಿಳಿದವರು ಕೇಳಬಹುದು. ನಿಜ. ಗ್ರಾಫಿಕ್ಸ್ ಪ್ರೊಸೆಸರು ದೊರೆಯದಿದ್ದಾಗ ಅದರ ಕೆಲಸವನ್ನು ಮುಖ್ಯ ಪ್ರೊಸೆಸರಿನಿಂದಲೇ ಮಾಡಿಸುವ ಸ್ವಿಫ್ಟ್‌ಶೇಡರ್ ಎಂಬ ಕ್ರಮವಿಧಿಯು 2012ರಿಂದ ಕ್ರೋಮಿನಲ್ಲಿ ಇದ್ದಿತು. ಪಂಡಿತನೇ ಶೇಂಗಾ ಬಿಡಿಸಿದಂತೆ ಅದು ನಿಧಾನ. ಆದರೂ ಚಿತ್ರವು ಕಾಣುತ್ತಿತ್ತು. ರಕ್ಷಣೆಯ ದೃಷ್ಟಿಯಿಂದ ಅಪಾಯವಿದೆಯೆಂಬ ಕಾರಣದಿಂದ ಕ್ರೋಮಿನವರು 2025ರಲ್ಲಿ ವೆಬ್‌ಜಿಎಲ್‌ಗೆ ಈ ತಾನೇತಾನಾದ ಬದಲಿಯನ್ನು ಕೈಬಿಡತೊಡಗಿದರು. ಆದುದರಿಂದ ಭಾರವು ಮತ್ತೆ ಪುಟವನ್ನು ಕಟ್ಟುವವನ ಹೆಗಲಿಗೇ ಬಂದಿದೆ. ಎರವಲಿನ ಬದಲಿಯನ್ನು ನೆಚ್ಚಿ ಮನೆಯ ಬದಲಿಯನ್ನು ಬಿಡಬಾರದು.

ಕಡಮೆ ಶಕ್ತಿಯ ಯಂತ್ರದವರನ್ನು ಬಿಟ್ಟು ನಡೆದವರು ಹಿಂದಿರುಗಿ ಬಂದ ನಿದರ್ಶನವು ಬೆಂಗಳೂರಿನಲ್ಲಿಯೇ ಇದೆ. ಅದು ತಿರುಗುವ ಆಕೃತಿಗೆ ಸಂಬಂಧಿಸಿದುದಲ್ಲವಾದರೂ ತತ್ತ್ವವು ಒಂದೇ. 2007ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಫ್ಲಿಪ್‌ಕಾರ್ಟ್ ಸಂಸ್ಥೆಯು 2015ರಲ್ಲಿ ಮೊಬೈಲಿನ ಬ್ರೌಸರಿಗಾಗಿ ಇದ್ದ ತನ್ನ ತಾಣವನ್ನು ಮುಚ್ಚಿ, ಎಲ್ಲರೂ ತನ್ನ ಆ್ಯಪನ್ನೇ ಹಾಕಿಕೊಳ್ಳಬೇಕೆಂದು ಬಯಸಿತು. ಅದರ ಒಡೆತನದಲ್ಲಿದ್ದ ಮಿಂತ್ರಾ ಸಂಸ್ಥೆಯು ಅದೇ ವರ್ಷದ ಮೇ ತಿಂಗಳಿನಿಂದ ಆ್ಯಪಿನ ಮೂಲಕವೇ ವ್ಯಾಪಾರ ಮಾಡುವುದಾಗಿ ಸಾರಿತು. ಮೊಬೈಲಿನಲ್ಲಿ ಜಾಗವಿಲ್ಲದವರೂ, ನಿಧಾನವಾದ ಸಂಪರ್ಕವುಳ್ಳವರೂ ಹೊರಗುಳಿದರು. 2015ರ ನವೆಂಬರಿನಲ್ಲಿ ಫ್ಲಿಪ್‌ಕಾರ್ಟ್ ಲೈಟ್ ಎಂಬ ಹೆಸರಿನಿಂದ ಹಗುರವಾದ ಬ್ರೌಸರು ತಾಣವು ಮತ್ತೆ ತೆರೆಯಿತು. ಅದಕ್ಕೆ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ 2ಜಿ ಸಂಪರ್ಕದಿಂದ ಬಂದವರೆಂದು ಪ್ರಕಟವಾಯಿತು. ಮಿಂತ್ರಾದ ಜಾಲತಾಣವೂ 2016ರಲ್ಲಿ ಹಿಂದಿರುಗಿತು. ಇವರು ಇದನ್ನು ದಯೆಯಿಂದ ಮಾಡಿದರೆಂದು ಹೇಳಬೇಕಾಗಿಲ್ಲ. ಆ ಮಂದಿಯೂ ಕೊಳ್ಳುವವರೇ ಎಂಬ ಲೆಕ್ಕವು ತಿಳಿದುದರಿಂದ ಮಾಡಿದರು.

ಬದಲಿಯ ಕೊನೆಯ ಮೆಟ್ಟಿಲು ಮಾತೆಂದು ಹೇಳಿದೆವು. ಆದರೆ ಆ ಮಾತು ಯಾವ ಭಾಷೆಯದಾಗಿರಬೇಕು? ಆಕೃತಿಯು ಕಾಣುವವನಿಗೆ ಭಾಷೆಯ ಕೊರತೆಯು ಅಷ್ಟು ಬಾಧಿಸುವುದಿಲ್ಲ, ಕಣ್ಣೇ ಹೇಳುತ್ತದೆ. ಆಕೃತಿಯೂ ಇಲ್ಲ, ಛಾಯಾಚಿತ್ರವೂ ಬರಲಿಲ್ಲವೆಂದಾಗ ಉಳಿಯುವುದು ಆ ಒಂದು ವಾಕ್ಯ ಮಾತ್ರ. ಅದೂ ಅವನಿಗೆ ತಿಳಿಯದ ಭಾಷೆಯಲ್ಲಿದ್ದರೆ ಏಣಿಗೆ ನೆಲವೇ ಇಲ್ಲದಂತಾಯಿತು. ಕರ್ನಾಟಕದ ಎಲ್ಲೆಯಿಂದ ಆಚೆಗಿರುವ ನಮ್ಮಂಥ ಊರುಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಮಗುವಿಗೆ ಇದು ಬರಿಯ ಕಲ್ಪನೆಯಲ್ಲ. ದುರ್ಬಲವಾದ ಯಂತ್ರವಿರುವ ಮನೆಯಲ್ಲಿಯೇ ಇಂಗ್ಲಿಷು ದುರ್ಬಲವಾಗಿರುವ ಸಂಭವವೂ ಹೆಚ್ಚು. ಆದುದರಿಂದ ಮೇಲಿನ ಮೆಟ್ಟಿಲುಗಳಿಗೆ ಎಷ್ಟು ಹಣ ಸುರಿದರೂ, ಕೆಳಗಿನ ಮೆಟ್ಟಿಲನ್ನು ಕನ್ನಡ, ತೆಲುಗು ಮುಂತಾದ ನಾಡನುಡಿಗಳಲ್ಲಿ ಬರೆಯದಿದ್ದರೆ ಬದಲಿಯು ಹೆಸರಿಗೆ ಮಾತ್ರ ಬದಲಿ. ಕಣ್ಣಿಲ್ಲದವರಿಗೆ ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ಸಾಧನಗಳು ಈಗ ಕನ್ನಡವನ್ನೂ ಓದುತ್ತವೆ. ಅವರಿಗೆ ಎಂಥ ಶಕ್ತಿವಂತ ಮೊಬೈಲಿದ್ದರೂ ಆ ವಾಕ್ಯವೇ ವಸ್ತು. ಅಲ್ಲಿ ಬರಿದೆ ಕುರ್ಚಿಯ ಚಿತ್ರ ಎಂದು ಬರೆದರೆ ಸಾಲದು. ತೇಗದ ಮರದ, ಕೈಯಿಲ್ಲದ, ಬೆತ್ತ ಹೆಣೆದ ಕುರ್ಚಿ. ಕೂರುವ ಮಣೆ ನೆಲದಿಂದ ಒಂದೂವರೆ ಅಡಿ ಎತ್ತರ ಎಂದು ಬರೆಯಬೇಕು. ಇದು ನಮ್ಮ ಆರನೆಯ ತರಗತಿಯ ಮಕ್ಕಳು ಮಾಡುವ ವಸ್ತುವರ್ಣನೆಯ ಅಭ್ಯಾಸವೇ ಹೊರತು ಬೇರೆಯಲ್ಲ.

ಬದಲಿಯು ಸುಳ್ಳಾಗಬಾರದೆಂದೂ ಹೇಳಿದ್ದೇವೆ. ತನ್ನ ವಸ್ತುವಿನ ಛಾಯಾಚಿತ್ರವಿಲ್ಲದೆ ಅದರಂತಿರುವ ಬೇರೊಂದರ ಚಿತ್ರವನ್ನಿಡುವುದು ಬದಲಿಯಲ್ಲ, ವಂಚನೆ. ಪೂರ್ಣಾಕೃತಿಯೂ ಸಹ ಪೂರ್ಣಸತ್ಯವಲ್ಲ. ಅದು ಬಟ್ಟೆಯ ಮೃದುತ್ವವನ್ನು ತಿಳಿಸದು, ಪಾತ್ರೆಯ ತೂಕವನ್ನು ತಿಳಿಸದು. ತೆರೆಯಿಂದ ತೆರೆಗೆ ಬಣ್ಣವೂ ಬೇರೆಯಾಗುತ್ತದೆ. ಹೀಗಿರುವುದರಿಂದ, ಎಲ್ಲ ಶಕ್ತಿಗಳೂ ಇರುವವನಿಗೂ ಅಳತೆ ತೂಕಗಳ ಆ ಸರಳವಾದ ಪಟ್ಟಿಯು ಬೇಕೇ ಬೇಕು. ಬಡ ಯಂತ್ರದವನ ಸಲುವಾಗಿ ಬರೆದ ವಾಕ್ಯವು ಸಿರಿವಂತ ಯಂತ್ರದವನಿಗೂ ಉಪಕಾರವನ್ನೇ ಮಾಡುತ್ತದೆ.

ಕೊನೆಯದಾಗಿ, ನೋಡುವವರಿಗೆ ಎರಡು ಮಾತು. ವಸ್ತುವು ಕಾಣದಿದ್ದಾಗ ನಿಮ್ಮ ಮೊಬೈಲನ್ನು ಹಳಿಯಬೇಡಿ, ನಿಮ್ಮನ್ನು ನೀವೂ ಹಳಿದುಕೊಳ್ಳಬೇಡಿ. ಬ್ರೌಸರನ್ನು ಹೊಸ ಆವೃತ್ತಿಗೆ ತಂದು ನೋಡಿ. ಬೇರೆ ಬ್ರೌಸರಿನಲ್ಲಿ ತೆರೆದು ನೋಡಿ. ಕಂಪ್ಯೂಟರಾದರೆ ಬ್ರೌಸರಿನ ಸೆಟ್ಟಿಂಗುಗಳಲ್ಲಿ ಗ್ರಾಫಿಕ್ಸ್ ವೇಗವರ್ಧನೆಯನ್ನು ನಿಲ್ಲಿಸಿರುವರೋ ಎಂದು ಪರೀಕ್ಷಿಸಿ. ಇಷ್ಟಾದರೂ ಕಾಣದಿದ್ದರೆ ಛಾಯಾಚಿತ್ರವನ್ನೂ ಅಳತೆಯನ್ನೂ ವ್ಯಾಪಾರಿಯಿಂದ ಕೇಳಿ ಪಡೆಯಿರಿ, ಕೊಡದವನಲ್ಲಿ ಕೊಳ್ಳಬೇಡಿ. ಕಟ್ಟುವವರಾದ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ನಿಮ್ಮ ಪುಟವು ಸಿದ್ಧವಾದ ಮೇಲೆ, ಕಚೇರಿಯ ಹೊಸ ಯಂತ್ರದಲ್ಲಿ ನೋಡಿ ತೃಪ್ತರಾಗುವ ಮುನ್ನ, ಊರಿನಲ್ಲಿರುವ ನಿಮ್ಮ ತಾಯಿಯವರ ಮೊಬೈಲಿನಲ್ಲಿ ಒಂದು ಸಲ ತೆರೆಯಿಸಿ, ಅವ್ವಾ, ಏನು ಕಾಣುತ್ತದೆ ಎಂದು ಕೇಳಿರಿ. ಅವರು ಏನನ್ನು ಹೇಳುತ್ತಾರೋ ಅದೇ ನೀವು ಕಟ್ಟಿದ ಪುಟ.